ಶಿಶುಪಾಲನೆಯ ವ್ಯಾಜ್ಯಗಳೂ ಪರೀಕ್ಷಕರ ಶಿಕ್ಷಣವೂ

(ಮಹೋತ್ಸವದ ಸಭೆಯಲ್ಲಿ ಮಾಡಲ್ಪಟ್ಟ ಉಪನ್ಯಾಸ)



ಒಂದು ಕೂಸಿಗಾಗಿ ಇಬ್ಬರು ಸ್ತ್ರೀಯರು ಕಾದಾಡಿದ ಕಥೆಯನ್ನು ಬಲ್ಲವರು ಈ ಸಭೆಯಲ್ಲಿ ಅನೇಕರಿರಬಹುದು. ಬೌದ್ಧರ ಜಾತಕಕಥೆಗಳಲ್ಲಿ ಮಹೋಸಧನೆಂಬ ಪಂಡಿತನು ನೆಲದ ಮೇಲೆ ಗೆರೆಯೊಂದನ್ನೆಳೆದು, ಕೂಸನ್ನು ಅದರ ಮೇಲೆ ಮಲಗಿಸಿ, ಒಬ್ಬಳು ಕೈಗಳನ್ನೂ ಮತ್ತೊಬ್ಬಳು ಕಾಲುಗಳನ್ನೂ ಹಿಡಿದು ಎಳೆಯುವಂತೆ ಅಪ್ಪಣೆ ಮಾಡುತ್ತಾನೆ. ಕೂಸು ಚೀರಿದೊಡನೆ ಹೆತ್ತವಳು ಕೈಬಿಡುತ್ತಾಳೆ. ಎಳೆದುಕೊಂಡವಳು ಯಕ್ಷಿಣಿಯೆಂಬುದು ಬಯಲಾಗುತ್ತದೆ. ಕಥೆಯು ಸೊಗಸಾದದ್ದೇ ಸರಿ. ಆದರೆ ಆ ಸೊಗಸೆಲ್ಲವೂ ಒಂದು ಸೌಕರ್ಯದ ಮೇಲೆ ನಿಂತಿರುವುದು: ಅಲ್ಲಿ ಇಬ್ಬರಲ್ಲೊಬ್ಬಳು ಸುಳ್ಳು ತಾಯಿ. ಇಂದಿನ ಕುಟುಂಬ ನ್ಯಾಯಾಲಯದಲ್ಲಿ ಎದುರುಬದುರಾಗಿ ನಿಲ್ಲುವವರಾದರೋ ಇಬ್ಬರೂ ನಿಜವಾದ ಹೆತ್ತವರು. ಅಲ್ಲಿ ಗೆರೆಯೆಳೆದರೆ ಇಬ್ಬರೂ ಎಳೆಯಬಹುದು, ಇಬ್ಬರೂ ಬಿಡಬಹುದು. ಮೊದಲು ಬಿಟ್ಟವರು ವಾತ್ಸಲ್ಯದಿಂದ ಬಿಟ್ಟರೋ, ವಕೀಲರ ಶುಲ್ಕವನ್ನು ತೆರಲಾರದೆ ಬಿಟ್ಟರೋ, ಹೊಡೆತದ ಭಯದಿಂದ ಬಿಟ್ಟರೋ ಎಂಬುದನ್ನು ಗೆರೆಯು ಹೇಳಲಾರದು.

ಇದನ್ನು ಅರಿತು ಹೇಳಬೇಕೆಂದು ನ್ಯಾಯಾಧೀಶರು ಮನೋವೈದ್ಯರನ್ನೂ, ಮನಶ್ಶಾಸ್ತ್ರಜ್ಞರನ್ನೂ, ಸಮಾಜಸೇವೆಯ ಶಿಕ್ಷಣವನ್ನು ಪಡೆದವರನ್ನೂ ಕರೆಯುವ ಪದ್ಧತಿಯು ಈಚೆಗೆ ಬೆಳೆದುಬಂದಿದೆ. ಅವರು ತಾಯಿತಂದೆಗಳನ್ನೂ ಮಗುವನ್ನೂ ಕಂಡು ಮಾತನಾಡಿಸಿ, ಶಾಲೆಯ ಉಪಾಧ್ಯಾಯರನ್ನೂ ಚಿಕಿತ್ಸೆ ಮಾಡಿದ ವೈದ್ಯರನ್ನೂ ವಿಚಾರಿಸಿ, ವರದಿಯೊಂದನ್ನು ಬರೆದು ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ. ಇದನ್ನು ಪಾಲನಾಪರೀಕ್ಷೆಯೆಂದೂ, ಮಾಡುವವರನ್ನು ಪಾಲನಾಪರೀಕ್ಷಕರೆಂದೂ ಇಲ್ಲಿ ಕರೆಯಬಹುದು. ಕೆಲವೇ ಹಾಳೆಗಳ ಆ ವರದಿಯು ಒಂದು ಮಗುವಿನ ಹತ್ತು ಹನ್ನೆರಡು ವರ್ಷಗಳ ಅನ್ನ, ನಿದ್ರೆ, ಶಾಲೆ, ಒಡನಾಟಗಳನ್ನೆಲ್ಲ ತಿರುಗಿಸಬಲ್ಲುದು. ಹಾಗಾದರೆ ಅದನ್ನು ಬರೆಯುವವನು ಏನನ್ನು ಕಲಿತಿರಬೇಕು? ಮನಶ್ಶಾಸ್ತ್ರದಲ್ಲಿ ಪದವಿಯನ್ನು ಪಡೆದಿದ್ದರೆ ಸಾಲದೆ? ಸಾಲದೆಂಬುದೇ ಈ ಉಪನ್ಯಾಸದ ಪ್ರತಿಪಾದ್ಯವು.

ಈ ವೃತ್ತಿಯು ವಿಶೇಷವಾಗಿ ಬೆಳೆದುದು ಅಮೇರಿಕದಲ್ಲಿ. ಆದುದರಿಂದ ಅಲ್ಲಿಂದ ಆರಂಭಿಸಿ ಬಳಿಕ ಈ ದೇಶಕ್ಕೆ ಬರುವುದು ಯುಕ್ತವು. ಅಮೇರಿಕದವರು ಆಂಗ್ಲರಿಂದ ಪಡೆದ ಹಳೆಯ ನ್ಯಾಯದಲ್ಲಿ ಮಗುವು ತಂದೆಯದೇ ಆಗಿತ್ತು. ಇಂಗ್ಲಂಡಿನಲ್ಲಿ ಕ್ಯಾರೊಲಿನ್ ನಾರ್ಟನ್ ಎಂಬ ಸ್ತ್ರೀಯು ತನ್ನ ಮಕ್ಕಳನ್ನು ಕಳೆದುಕೊಂಡ ಸಂಕಟದಿಂದ ಲೇಖನಿಯನ್ನು ಹಿಡಿದು ಹೋರಾಡಿದುದರ ಫಲವಾಗಿ ೧೮೩೯ನೆಯ ಇಸವಿಯಲ್ಲಿ ಒಂದು ಕಾಯಿದೆಯಾಯಿತು. ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇರಿಸಿಕೊಳ್ಳಲು ತಾಯಿಯು ನ್ಯಾಯಾಲಯವನ್ನು ಬೇಡಬಹುದೆಂದಾಯಿತು. ಕಾಲಕ್ರಮದಲ್ಲಿ ಎಳೆಯ ಮಗುವು ತಾಯಿಯ ಬಳಿಯಲ್ಲಿಯೇ ಇರತಕ್ಕದ್ದೆಂಬ ನಿಯಮವು ಎರಡೂ ದೇಶಗಳಲ್ಲಿ ನೆಲೆಗೊಂಡಿತು. ಈ ಎರಡು ನಿಯಮಗಳಲ್ಲಿ ಯಾವುದಕ್ಕೂ ಪರೀಕ್ಷಕನ ಅಗತ್ಯವಿರಲಿಲ್ಲ. ಮಗುವು ಯಾರದೆಂಬುದೂ ಹುಟ್ಟಿದ ತಾರೀಖೂ ತಿಳಿದರೆ ತೀರ್ಪು ಬಹುಮಟ್ಟಿಗೆ ಸಿದ್ಧವಾಗುತ್ತಿತ್ತು. ೧೯೭೦ರಲ್ಲಿ ಅಮೇರಿಕದ ಸಂಸ್ಥಾನಗಳಿಗೆ ಮಾದರಿಯಾಗಿ ರಚಿತವಾದ ವಿವಾಹ ವಿಚ್ಛೇದನ ಕಾಯಿದೆಯು ಮಗುವಿನ ಹಿತವನ್ನೇ ಅಳತೆಗೋಲಾಗಿ ಇಟ್ಟಿತು. ಹೆತ್ತವರ ಇಚ್ಛೆ, ಮಗುವಿನ ಇಚ್ಛೆ, ಹೆತ್ತವರೊಡನೆಯೂ ಒಡಹುಟ್ಟಿದವರೊಡನೆಯೂ ಮಗುವಿಗಿರುವ ಸಂಬಂಧ, ಮನೆ ಶಾಲೆ ನೆರೆಹೊರೆಗಳಿಗೆ ಅದು ಹೊಂದಿಕೊಂಡಿರುವ ಬಗೆ, ಎಲ್ಲರ ದೇಹಮನಸ್ಸುಗಳ ಆರೋಗ್ಯ ಇವನ್ನೆಲ್ಲ ನ್ಯಾಯಾಧೀಶನು ತೂಗಬೇಕಾಯಿತು. ತೂಗುವುದಕ್ಕೆ ನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ತಕ್ಕಡಿಯಿಲ್ಲ. ಆಗ ಮನಶ್ಶಾಸ್ತ್ರಜ್ಞನಿಗೆ ಕರೆ ಬಂದಿತು.

ಬಂದವನು ಚಿಕಿತ್ಸಕನು, ಅವನು ಕಲಿತುಕೊಂಡಿದ್ದುದು ರೋಗಿಯ ಕಷ್ಟವನ್ನು ನಂಬಿ ಕೇಳುವ ವಿದ್ಯೆಯನ್ನು. ಚಿಕಿತ್ಸಕನಿಗೆ ಎದುರಿಗೆ ಕುಳಿತವನೇ ಸರ್ವಸ್ವ. ಅವನು ಹೇಳಿದ ಗುಟ್ಟನ್ನು ಕಾಪಾಡುವುದೇ ಧರ್ಮ. ಪಾಲನಾಪರೀಕ್ಷಕನ ಮುಂದೆ ಕುಳಿತವರು ರೋಗಿಗಳಲ್ಲ, ಕಕ್ಷಿಗಾರರು. ಅವರು ಆಡಿದುದೆಲ್ಲವೂ ನ್ಯಾಯಾಲಯಕ್ಕೆ ಹೋಗಬಹುದೆಂದು ಮೊದಲ ಮಾತಿನಲ್ಲಿಯೇ ತಿಳಿಸಬೇಕಾದುದು ಅವನ ಕರ್ತವ್ಯ. ಒಬ್ಬರು ಅತ್ತರೆ ಮರುಗಿ ಸಮಾಧಾನ ಹೇಳುವ ಅಭ್ಯಾಸವೇ ಇಲ್ಲಿ ಅಪಾಯಕರವಾಗಬಹುದು. ಏಕೆಂದರೆ ಮೊದಲು ಅತ್ತವರ ಕಥೆಯು ಮನಸ್ಸಿನಲ್ಲಿ ಬೇರೂರಿ, ಅನಂತರ ಬಂದವರ ಮಾತೆಲ್ಲವೂ ಅದಕ್ಕೆ ಪ್ರತ್ಯುತ್ತರದಂತೆ ಕೇಳಿಸತೊಡಗುವುದು. ಆದುದರಿಂದಲೇ ಒಂದೇ ಕುಟುಂಬಕ್ಕೆ ಚಿಕಿತ್ಸಕನೂ ಪರೀಕ್ಷಕನೂ ಒಬ್ಬನೇ ಆಗಲಾಗದೆಂಬುದು ಈ ಶಿಕ್ಷಣದ ಮೊದಲ ಪಾಠವಾಗಿದೆ. ಅಮೇರಿಕದ ಮನಶ್ಶಾಸ್ತ್ರಜ್ಞರ ಸಂಘವು ೧೯೯೪ರಲ್ಲಿ ಈ ಕಾರ್ಯಕ್ಕೆ ಮಾರ್ಗಸೂಚಿಗಳನ್ನು ಹೊರಡಿಸಿ, ೨೦೧೦ರಲ್ಲಿಯೂ ೨೦೨೨ರಲ್ಲಿಯೂ ಹೊಸದಾಗಿ ಪ್ರಕಟಿಸಿತು.

ಸೂಚಿಗಳು ಸೂಚಿಗಳಷ್ಟೆ, ಕಟ್ಟುಮಾಡಿದ ಕಲಿಕೆಗೆ ಕ್ಯಾಲಿಫೋರ್ನಿಯಾ ಸಂಸ್ಥಾನದ ನ್ಯಾಯಾಲಯಗಳ ನಿಯಮಾವಳಿಯು ಒಳ್ಳೆಯ ನಿದರ್ಶನವು. ಅಲ್ಲಿ ವೃತ್ತಿಯ ಪರವಾನಗಿಯಿದ್ದ ಮಾತ್ರಕ್ಕೆ ಪರೀಕ್ಷಕನಾಗಲು ಬರುವುದಿಲ್ಲ. ಮೊದಲು ೪೦ ಗಂಟೆಗಳ ವಿಶೇಷ ಶಿಕ್ಷಣವಾಗಬೇಕು. ಅದು ಹಳತಾಗದಂತೆ ವರ್ಷಕ್ಕೆ ೮ ಗಂಟೆಗಳ ಮರುಶಿಕ್ಷಣವೂ ಬೇಕು. ಗೃಹಹಿಂಸೆಯ ವಿಷಯಕ್ಕೆ ಪ್ರತ್ಯೇಕವಾಗಿ ೧೬ ಗಂಟೆಗಳು. ಇದಲ್ಲದೆ ಅನುಭವದ ನಿಯಮವೂ ಉಂಟು. ನಾಲ್ಕು ಪರೀಕ್ಷೆಗಳಲ್ಲಿಯಾದರೂ ಕೆಲಸಮಾಡಿರಬೇಕು. ಮಕ್ಕಳ ಬೆಳವಣಿಗೆ, ಒಡೆದ ಸಂಸಾರದ ಪರಿಣಾಮ, ಮದ್ಯಾದಿ ವ್ಯಸನಗಳು, ಮಗುವನ್ನು ಮಾತನಾಡಿಸುವ ಕ್ರಮ, ಕಾಯಿದೆ, ವರದಿಯ ರಚನೆ ಎಲ್ಲವೂ ಪಾಠಕ್ರಮದಲ್ಲಿ ಸೇರಿವೆ. ನಲವತ್ತು ಗಂಟೆಯೆಂದರೆ ಒಂದು ವಾರದ ದುಡಿಮೆ. ಕೌಮುದಿಯ ಸಂಧಿಪ್ರಕರಣವೊಂದನ್ನೇ ತಿಂಗಳುಗಟ್ಟಲೆ ತಿದ್ದಿಸುವ ಪಾಠಶಾಲೆಗಳವರಿಗೆ ಇದು ಅತ್ಯಲ್ಪವೆಂದು ತೋರಿದರೆ ತಪ್ಪಲ್ಲ. ಆದರೂ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು.

ಈ ಪಾಠಗಳಲ್ಲೆಲ್ಲ ಅತ್ಯಂತ ಕಠಿಣವಾದುದು ಮಗುವನ್ನು ಮಾತನಾಡಿಸುವ ಪಾಠವು. ಕನ್ನಡನಾಡಿನ ಮನೆಮನೆಗಳಲ್ಲಿ ಬಂದ ನೆಂಟರು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, “ನಿನಗೆ ಅಪ್ಪ ಬೇಕೋ, ಅವ್ವ ಬೇಕೋ?” ಎಂದು ವಿನೋದಕ್ಕೆ ಕೇಳುವುದುಂಟಷ್ಟೆ. ಕೂಸು ಒಮ್ಮೆ ಅಪ್ಪನನ್ನು ನೋಡಿ, ಒಮ್ಮೆ ಅವ್ವನನ್ನು ನೋಡಿ, ಜಾಣತನದಿಂದ “ಅಜ್ಜಿ ಬೇಕು” ಎಂದರೆ ಎಲ್ಲರೂ ನಗುತ್ತಾರೆ. ಕೂಡಿದ ಮನೆಯಲ್ಲಿ ಆ ಪ್ರಶ್ನೆಗೆ ಮೊನೆಯಿಲ್ಲ. ಒಡೆದ ಮನೆಯಲ್ಲಿ ಅದೇ ಪ್ರಶ್ನೆಯು ಚೂರಿಯಾಗುವುದು. ಏನು ಹೇಳಿದರೂ ತಾನೊಬ್ಬರನ್ನು ಕಳೆದುಕೊಂಡೆನೆಂದೂ, ಕಳೆದುಕೊಂಡುದು ತನ್ನ ಬಾಯಿಂದಲೇ ಎಂದೂ ಮಗುವು ಬಹುಕಾಲ ನೆನೆಯಬಹುದು. ಆದುದರಿಂದ ಶಿಕ್ಷಿತನಾದ ಪರೀಕ್ಷಕನು ಯಾರು ಬೇಕೆಂದು ಕೇಳುವುದಿಲ್ಲ. ನಿನ್ನೆ ಬೆಳಗ್ಗೆ ಎದ್ದುದು ಮೊದಲಾಗಿ ಏನೇನು ನಡೆಯಿತೆಂದು ಕೇಳುತ್ತಾನೆ. ಜ್ವರ ಬಂದಾಗ ಯಾರು ಹತ್ತಿರ ಕೂತಿದ್ದರು, ಶಾಲೆಯಲ್ಲಿ ಜಗಳವಾದರೆ ಯಾರಿಗೆ ಹೇಳುವೆ, ರಾತ್ರಿ ಹೆದರಿಕೆಯಾದರೆ ಏನು ಮಾಡುವೆ ಎಂದು ವಿಚಾರಿಸುತ್ತಾನೆ. ಮಗುವನ್ನು ಒಂದು ಸಲ ತಾಯಿಯೂ ಮತ್ತೊಂದು ಸಲ ತಂದೆಯೂ ಕರೆತರುವಂತೆ ಏರ್ಪಡಿಸುತ್ತಾನೆ. ಏಕೆಂದರೆ ಕರೆತಂದವರ ಮಾತು ಮಗುವಿನ ನಾಲಗೆಯ ಮೇಲೆ ಇನ್ನೂ ಆರದೆ ಇರುವುದುಂಟು.

ಎಳೆಯ ಮನಸ್ಸು ಎಷ್ಟು ಬೇಗ ಅಚ್ಚಿನಂತೆ ಮೂಡುವುದೆಂಬುದಕ್ಕೆ ಲೈಕ್ಟ್‌ಮನ್ ಮತ್ತು ಸೆಸಿ ಎಂಬ ಅಮೇರಿಕದ ಪಂಡಿತರು ೧೯೯೫ರಲ್ಲಿ ಪ್ರಕಟಿಸಿದ ಪ್ರಯೋಗವು ಸಾಕ್ಷಿಯಾಗಿದೆ. ಶಿಶುವಿಹಾರವೊಂದಕ್ಕೆ ಸ್ಯಾಮ್ ಸ್ಟೋನ್ ಎಂಬ ಹೆಸರಿನಿಂದ ಒಬ್ಬನು ಬಂದು, ಎರಡು ನಿಮಿಷ ನಿಂತು, ಏನನ್ನೂ ಮುಟ್ಟದೆ ಹೊರಟುಹೋದನು. ಕೆಲವು ಮಕ್ಕಳಿಗೆ ಅವನು ಬರುವ ಮುಂಚೆಯೇ ಅವನು ಕೈಗೆ ಸಿಕ್ಕಿದ್ದನ್ನೆಲ್ಲ ಕೆಡಿಸುವ ಮಡ್ಡನೆಂದು ಕಥೆಗಳನ್ನು ಹೇಳಲಾಗಿತ್ತು. ಮರುದಿನ ಹರಿದ ಪುಸ್ತಕವನ್ನೂ ಕೊಳೆಯಾದ ಕರಡಿಯ ಬೊಂಬೆಯನ್ನೂ ತೋರಿಸಿ, ಅನಂತರದ ಹತ್ತು ವಾರಗಳಲ್ಲಿ ಮತ್ತೆ ಮತ್ತೆ ಕೇಳಲಾಯಿತು. ಕೇಳುವ ರೀತಿಯಲ್ಲಿಯೇ ಅವನು ಮಾಡಿದನೆಂಬ ಧ್ವನಿಯಿತ್ತು. ಕಥೆಯನ್ನೂ ಕೇಳಿ ಇಂತಹ ಪ್ರಶ್ನೆಗಳಿಗೂ ಗುರಿಯಾದ ಮೂರು ನಾಲ್ಕು ವರ್ಷದ ಮಕ್ಕಳಲ್ಲಿ ಶೇಕಡಾ ೭೨ರಷ್ಟು ಮಂದಿ, ಆಗದ ಹಾನಿಯನ್ನು ಸ್ಯಾಮ್ ಸ್ಟೋನನು ಮಾಡಿದನೆಂದು ಹೇಳಿದರು. ಮಕ್ಕಳು ಸುಳ್ಳಾಡಿದರೆಂದಲ್ಲ, ಅವರ ಪಾಲಿಗೆ ಅದು ನೆನಪಾಗಿ ಪರಿಣಮಿಸಿತ್ತು. ಇನ್ನೂ ಗಮನಿಸತಕ್ಕ ಸಂಗತಿಯೊಂದಿದೆ. ಈ ಮಕ್ಕಳು ಮಾತನಾಡಿದ ಚಲಚ್ಚಿತ್ರವನ್ನು, ಮಕ್ಕಳೊಡನೆಯೇ ಕೆಲಸಮಾಡುವ ಚಿಕಿತ್ಸಕರಿಗೂ ಸಂಶೋಧಕರಿಗೂ ತೋರಿಸಲಾಗಿ, ಯಾವ ಮಗುವು ನಡೆದುದನ್ನು ಹೇಳುತ್ತಿದೆ, ಯಾವುದು ನಡೆಯದುದನ್ನು ಹೇಳುತ್ತಿದೆಯೆಂದು ಗುರುತಿಸಲು ಅವರಲ್ಲಿ ಬಹುಮಂದಿಗೆ ಆಗಲಿಲ್ಲ. ಕೇವಲ ವರ್ಷಗಳ ಅನುಭವವು ಕಣ್ಣನ್ನು ಕೊಡುವುದಿಲ್ಲವೆಂದಾಯಿತು. ತಾಯಿಯ ಮನೆಯಲ್ಲಿ ದಿನವೂ ತಂದೆಯ ಕ್ರೌರ್ಯದ ಕಥೆಯನ್ನೋ, ತಂದೆಯ ಮನೆಯಲ್ಲಿ ದಿನವೂ ತಾಯಿಯ ಹುಚ್ಚುತನದ ಕಥೆಯನ್ನೋ ಕೇಳಿ ಬಂದ ಮಗುವನ್ನು ಎದುರಿಗೆ ಕೂರಿಸಿಕೊಂಡವನಿಗೆ ಈ ಪ್ರಯೋಗವು ತಿಳಿದಿರಲೇಬೇಕು. ಹಾಗೆಂದು ಮಗುವಿನ ಮಾತನ್ನೆಲ್ಲ ಕಲಿಸಿದ ಮಾತೆಂದು ತಳ್ಳಿಬಿಡುವುದು ಮತ್ತೊಂದು ಅನರ್ಥವು. ನಿಜವಾಗಿ ಪೆಟ್ಟು ತಿಂದ ಮಗುವೂ ಅದೇ ಪೀಠದ ಮೇಲೆ ಕುಳಿತು ಅದೇ ಮಾತನ್ನು ಹೇಳುವುದಷ್ಟೆ.

ಇನ್ನು, ಕಂಡುದರಿಂದ ನಿರ್ಣಯಕ್ಕೆ ಏರುವ ಮೆಟ್ಟಲುಗಳ ವಿಚಾರ. ಟಿಪ್ಪಿನ್ಸ್ ಎಂಬ ನ್ಯಾಯವಾದಿಯೂ ವಿಟ್‌ಮನ್ ಎಂಬ ಮನಶ್ಶಾಸ್ತ್ರಜ್ಞನೂ ಕೂಡಿ ೨೦೦೫ರಲ್ಲಿ ಬರೆದ ಪ್ರಬಂಧದಲ್ಲಿ ಈ ಮೆಟ್ಟಲುಗಳನ್ನು ನಾಲ್ಕೆಂದು ಎಣಿಸಿದರು. ತಂದೆಯ ಮನೆಯಿಂದ ಬಂದ ದಿನ ಹುಡುಗನು ಉಣ್ಣಲಿಲ್ಲವೆಂಬುದು ಮೊದಲನೆಯದು. ಇದು ಕಂಡ ಸಂಗತಿ. ಹುಡುಗನಲ್ಲಿ ಆತಂಕವಿದೆಯೆಂಬುದು ಎರಡನೆಯದು. ಇದು ಮನಸ್ಸಿನ ಸ್ಥಿತಿಯ ಊಹೆ. ಪದೇ ಪದೇ ಮನೆ ಬದಲಾಯಿಸಿದರೆ ಈ ಆತಂಕವು ಹೆಚ್ಚೀತೆಂಬುದು ಮೂರನೆಯದು. ಆದುದರಿಂದ ಹುಡುಗನು ತಾಯಿಯ ಬಳಿಯಲ್ಲಿಯೇ ಇರತಕ್ಕದ್ದೆಂಬುದು ನಾಲ್ಕನೆಯದು. ಮೆಟ್ಟಲು ಏರಿದಂತೆಲ್ಲ ಕೆಳಗಿನ ಆಧಾರವು ತೆಳುವಾಗುವುದೆಂದೂ, ನಾಲ್ಕನೆಯ ಮೆಟ್ಟಲು ಮನಶ್ಶಾಸ್ತ್ರದ್ದೇ ಅಲ್ಲ, ನ್ಯಾಯಪೀಠದ್ದೆಂದೂ ಅವರ ವಾದವು.

ತರ್ಕಶಾಸ್ತ್ರವನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು; ಆದರೆ ಬೆಟ್ಟದ ಮೇಲಿನ ಮಂಜನ್ನು ಹೊಗೆಯೆಂದು ತಿಳಿದರೆ ಊಹೆಯೆಲ್ಲವೂ ಬಿದ್ದುಹೋಗುವುದು. ಸಾಧ್ಯವಿರುವೆಡೆಯಲ್ಲಿಯೂ ಇಲ್ಲದೆಡೆಯಲ್ಲಿಯೂ ಸಮಾನವಾಗಿ ಕಾಣುವ ಹೇತುವನ್ನು ಸವ್ಯಭಿಚಾರವೆಂದು ನೈಯಾಯಿಕರು ಕರೆದರು; ಅದರಿಂದ ಏನೂ ಸಿದ್ಧಿಸುವುದಿಲ್ಲ. ತಂದೆಯ ಮನೆಗೆ ಹೊರಡುವಾಗ ಮಗು ಅಳುವುದು ಇಂತಹ ಹೇತುವಲ್ಲವೇ? ತಂದೆಯು ಹೊಡೆಯುವನೆಂದು ಅಳಬಹುದು. ತಾಯಿಯು ಒಬ್ಬಳೇ ಉಳಿಯುವಳೆಂದು ಅಳಬಹುದು. ಆಟವನ್ನು ನಡುವೆ ಬಿಡಬೇಕಾಯಿತೆಂದು ಅಳಬಹುದು. ತಾನು ನಗುತ್ತ ಹೊರಟರೆ ತಾಯಿಗೆ ನೋವಾದೀತೆಂದೂ ಅಳಬಹುದು. ಒಂದು ಅಳುವಿನಿಂದ ಒಂದು ಕಾರಣವನ್ನು ನಿಶ್ಚಯಿಸಿದವನು ಮಂಜಿನಲ್ಲಿ ಬೆಂಕಿಯನ್ನು ಕಂಡವನೇ. ಶಿಕ್ಷಣವೆಂಬುದು ಇಲ್ಲಿ ಮಾಡುವ ಉಪಕಾರವೆಂದರೆ, ಕಂಡುದು ಇದು, ಕೇಳಿದುದು ಇದು, ಊಹಿಸಿದುದು ಇದು ಎಂದು ವರದಿಯಲ್ಲಿ ಬೇರೆ ಬೇರೆಯಾಗಿ ಬರೆಯುವ ಅಭ್ಯಾಸವನ್ನು ಕೈಗೆ ಹತ್ತಿಸುವುದು. ಊಹೆಗೆ ವಿರುದ್ಧವಾದ ಸಂಗತಿಯು ಸಿಕ್ಕಿದರೆ ಅದನ್ನು ಮರೆಮಾಡದೆ ಬರೆಯುವಂತೆ ಮಾಡುವುದು. ಕೊನೆಯ ಶಿಫಾರಸನ್ನು ಪರೀಕ್ಷಕನು ಮಾಡಬೇಕೇ ಬೇಡವೇ ಎಂಬುದರಲ್ಲಿ ವೃತ್ತಿಯವರೊಳಗೆ ಒಮ್ಮತವಿಲ್ಲವೆಂದು ೧೯೯೪ರ ಮಾರ್ಗಸೂಚಿಯೇ ಒಪ್ಪಿಕೊಂಡಿತ್ತು. ನ್ಯಾಯಾಧೀಶರು ಕೇಳಿದರೆ ಮಾತ್ರ, ಅದೂ ಮೆಟ್ಟಲುಗಳನ್ನೆಲ್ಲ ಬಿಚ್ಚಿತೋರಿಸಿ ಹೇಳುವುದು ಲೇಸೆಂದು ತೋರುತ್ತದೆ.

ಪ್ರಶ್ನಾವಳಿಗಳ ರೂಪದ ಮನಃಪರೀಕ್ಷೆಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಒಳ್ಳೆಯ ತಾಯಿಯನ್ನೋ ಒಳ್ಳೆಯ ತಂದೆಯನ್ನೋ ಅಳೆದುಕೊಡುವ ಒಂದು ಪರೀಕ್ಷೆಯೂ ಇಲ್ಲ. ಮಗುವಿಗಾಗಿ ವ್ಯಾಜ್ಯವಾಡುವವರು ಇಂತಹ ಪ್ರಶ್ನಾವಳಿಗಳಿಗೆ ಉತ್ತರಿಸುವಾಗ ತಮ್ಮ ದೋಷಗಳನ್ನು ಅಡಗಿಸಿ ಸಜ್ಜನರಂತೆ ತೋರಿಸಿಕೊಳ್ಳುವುದು ಸಾಮಾನ್ಯವೆಂಬುದೂ ಗೊತ್ತಾದ ವಿಷಯವು. ಅದನ್ನು ಮೋಸಗಾರಿಕೆಯೆಂದು ಅಲ್ಪಶಿಕ್ಷಿತನು ಬರೆದುಬಿಡುವನು.

ಆಚಾರಭೇದದಿಂದ ಹುಟ್ಟುವ ಭ್ರಾಂತಿಗಳೂ ಉಂಟು. ಕನ್ನಡಿಗರ ಸಂಸಾರವೊಂದು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ, ಅಲ್ಲಿಯೇ ಒಡೆದು, ಅಲ್ಲಿಯ ಪರೀಕ್ಷಕನ ಮುಂದೆ ಬಂದಿತೆಂದು ಭಾವಿಸಬೇಕು. ಆರು ವರ್ಷದ ಹುಡುಗಿಯು ಇನ್ನೂ ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಾಳೆ. ಅಜ್ಜಿಯು ಕಥೆ ಹೇಳುತ್ತ ಅನ್ನವನ್ನು ಕಲಸಿ ಕೈತುತ್ತು ಕೊಡುತ್ತಾಳೆ. ಮಗುವಿಗೆ ಬೇರೆ ಕೋಣೆ, ಬೇರೆ ಹಾಸಿಗೆಯೇ ಕ್ರಮವೆಂದು ಬೆಳೆದವನಿಗೆ ಇದು ಮಗುವನ್ನು ಬೆಳೆಯಗೊಡದ ಮನೆಯಂತೆ ಕಾಣಬಹುದು. ತಂದೆಯ ಎದುರಿಗೆ ತಲೆಯೆತ್ತಿ ಮಾತನಾಡದ ಹುಡುಗನನ್ನು ಹೆದರಿದವನೆಂದು ತಿಳಿಯಬಹುದು. ಹೆದರಿದವನೇ ಆಗಿದ್ದರೆ, ಅದು ಆ ಜನರ ಮರ್ಯಾದೆಯ ರೀತಿಯೆಂದು ಬಿಟ್ಟುಬಿಡಲೂಬಹುದು. ಎರಡೂ ತಪ್ಪೇ.

ಇಷ್ಟೆಲ್ಲ ಕಟ್ಟುಪಾಡುಗಳಿದ್ದ ದೇಶದಲ್ಲಿಯೇ ಈ ಪದ್ಧತಿಯ ಮೇಲೆ ದೊಡ್ಡ ಆಕ್ಷೇಪವೆದ್ದಿತು. ನ್ಯೂಯಾರ್ಕ್ ಸಂಸ್ಥಾನದಲ್ಲಿ ಗವರ್ನರರು ನೇಮಿಸಿದ ಆಯೋಗವೊಂದು ೨೦೨೧ರ ಡಿಸೆಂಬರ್ ತಿಂಗಳ ವರದಿಯಲ್ಲಿ ಪಾಲನಾಪರೀಕ್ಷೆಗಳಲ್ಲಿ ಪಕ್ಷಪಾತವೂ ಶಾಸ್ತ್ರಾಧಾರದ ಕೊರತೆಯೂ ಇರುವುದನ್ನು ಎತ್ತಿ ತೋರಿಸಿತು. ಸದಸ್ಯರಲ್ಲಿ ೧೧ ಮಂದಿ ಈ ಪದ್ಧತಿಯನ್ನು ಸಂಪೂರ್ಣವಾಗಿ ತೆಗೆದುಹಾಕಬೇಕೆಂದರು. ೯ ಮಂದಿ ತಿದ್ದಿ ಉಳಿಸಿಕೊಳ್ಳಬೇಕೆಂದರು. ತೆಗೆದುಹಾಕಬೇಕೆಂದವರ ಸಿಟ್ಟಿಗೆ ಕಾರಣವಿಲ್ಲದಿಲ್ಲ. ಆದರೆ ಪರೀಕ್ಷಕನನ್ನು ಹೊರಗೆ ಕಳುಹಿಸಿದ ಮೇಲೆ ನ್ಯಾಯಾಧೀಶನ ಮುಂದೆ ಉಳಿಯುವವರು ಇಬ್ಬರು ವಕೀಲರು. ಅವರ ಮಾತಿನಲ್ಲಿ ಪಕ್ಷಪಾತವು ಇಲ್ಲದಿರುವುದೆಂತು, ಅದೇ ಅವರ ವೃತ್ತಿಯಲ್ಲವೇ? ೨೦೨೨ರಲ್ಲಿ ಅಮೇರಿಕದ ರಾಷ್ಟ್ರಸಭೆಯು ಇನ್ನೊಂದು ದಾರಿಯನ್ನು ಹಿಡಿಯಿತು. ಪೆನ್ಸಿಲ್ವೇನಿಯಾದಲ್ಲಿ ನ್ಯಾಯಾಲಯದ ಆಜ್ಞೆಯ ಮೇರೆಗೆ ತಂದೆಯೊಡನಿದ್ದ ಏಳು ವರ್ಷದ ಬಾಲೆಯೊಬ್ಬಳು ೨೦೧೮ರಲ್ಲಿ ಅವನ ಕೈಯಿಂದಲೇ ಹತಳಾಗಿದ್ದಳು. ಅವಳ ಹೆಸರಿನಿಂದ ಪ್ರಸಿದ್ಧವಾದ ಕಾಯಿದೆಯಲ್ಲಿ, ಇಂತಹ ವ್ಯಾಜ್ಯಗಳನ್ನು ನಡೆಸುವ ನ್ಯಾಯಾಧೀಶರಿಗೂ ನ್ಯಾಯಾಲಯದ ಸಿಬ್ಬಂದಿಗೂ ಗೃಹಹಿಂಸೆಯನ್ನು ಕುರಿತು ಮೊದಲು ೨೦ ಗಂಟೆಗಳ, ಅನಂತರ ಐದೈದು ವರ್ಷಗಳಿಗೊಮ್ಮೆ ೧೫ ಗಂಟೆಗಳ ಶಿಕ್ಷಣವನ್ನು ಕೊಡುವ ಸಂಸ್ಥಾನಗಳಿಗೆ ಧನಸಹಾಯವನ್ನು ಏರ್ಪಡಿಸಲಾಯಿತು.

ಈಗ ಭಾರತದ ವಿಚಾರಕ್ಕೆ ಬರಬಹುದು. ಇಲ್ಲಿಯ ಕಾಯಿದೆಯು ಮಗುವಿನ ಹಿತವನ್ನು ಅರಿಯದುದಲ್ಲ. ೧೮೯೦ರ ಪೋಷಕ ಮತ್ತು ಪಾಲ್ಯರ ಅಧಿನಿಯಮದಲ್ಲಿಯೇ, ಬುದ್ಧಿಪೂರ್ವಕವಾಗಿ ಇಚ್ಛೆಯನ್ನು ಹೇಳಬಲ್ಲಷ್ಟು ಬೆಳೆದ ಮಗುವಿದ್ದರೆ ಆ ಇಚ್ಛೆಯನ್ನು ನ್ಯಾಯಾಲಯವು ಪರಿಗಣಿಸಬಹುದೆಂದಿದೆ. ೧೯೫೬ರ ಹಿಂದೂ ಅಪ್ರಾಪ್ತವಯಸ್ಕತೆಯ ಅಧಿನಿಯಮವು ಐದು ವರ್ಷ ತುಂಬದ ಮಗುವು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದೂ, ಮಗುವಿನ ಕ್ಷೇಮವೇ ಪರಮವಾದುದೆಂದೂ ಹೇಳುತ್ತದೆ. ೧೯೮೪ರ ಕುಟುಂಬ ನ್ಯಾಯಾಲಯಗಳ ಅಧಿನಿಯಮದ ೬ನೆಯ ಕಲಮು ಆಪ್ತಸಮಾಲೋಚಕರನ್ನೂ, ೧೨ನೆಯ ಕಲಮು ವೈದ್ಯಪರಿಣತರನ್ನೂ ಕುಟುಂಬಕ್ಷೇಮದಲ್ಲಿ ತೊಡಗಿದವರನ್ನೂ ಕರೆಯಲು ಅವಕಾಶವನ್ನು ಕೊಟ್ಟಿವೆ. ದೊರೆತರೆ ಸ್ತ್ರೀಯರೇ ಆಗಲೆಂಬ ಮಾತೂ ೧೨ನೆಯದರಲ್ಲಿದೆ. ಬಾಗಿಲು ತೆರೆದೇ ಇದೆ.

ಆ ಬಾಗಿಲಿನಿಂದ ಒಳಗೆ ಬಂದ ಮಾತಿಗೆ ಎಷ್ಟು ಬಲವೆಂಬುದಕ್ಕೆ ಎರಡು ಪ್ರಸಂಗಗಳು ಸಾಕು. ಹೆತ್ತವರಲ್ಲಿ ಒಬ್ಬರು ಮಗುವಿನ ಮನಸ್ಸನ್ನು ಮತ್ತೊಬ್ಬರ ಮೇಲೆ ಕೆಡಿಸುವುದನ್ನು ರಿಚರ್ಡ್ ಗಾರ್ಡ್‌ನರ್ ಎಂಬ ಅಮೇರಿಕದ ಮನೋವೈದ್ಯನು ೧೯೮೫ರಲ್ಲಿ ಒಂದು ರೋಗಲಕ್ಷಣಸಮೂಹವೆಂದು ಹೆಸರಿಸಿದನು. ೨೦೧೩ರಲ್ಲಿ ಅಮೇರಿಕದ ಮನೋವೈದ್ಯ ಸಂಘವು ಹೊರಡಿಸಿದ ಮನೋರೋಗಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ. ಆದರೂ ಭಾರತದ ಸರ್ವೋಚ್ಚ ನ್ಯಾಯಾಲಯದ ೨೦೧೭ರ ಒಂದು ತೀರ್ಪಿನಲ್ಲಿ ಆ ಹೆಸರು ಕಾಣಿಸಿಕೊಂಡಿತು. ೨೦೨೪ರಲ್ಲಿ ಅದೇ ನ್ಯಾಯಾಲಯವು, ನಡೆದ ನಡತೆಯ ಒಂದೊಂದು ನಿದರ್ಶನವನ್ನೂ ಗುರುತಿಸದೆ ಆತುರದಿಂದ ಯಾರ ಮೇಲೆಯೂ ಈ ಹಣೆಪಟ್ಟಿಯನ್ನು ಅಂಟಿಸಬಾರದೆಂದು ಎಚ್ಚರಿಸಿತು. ಎರಡನೆಯ ಪ್ರಸಂಗವು ಇನ್ನೂ ಗಂಭೀರವಾದುದು. ೨೦೨೪ರ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಾಲಕನೊಬ್ಬನನ್ನು ತಂದೆಗೆ ಒಪ್ಪಿಸಬೇಕೆಂದು ಆಜ್ಞಾಪಿಸಿದ್ದಿತು. ಆಜ್ಞೆಯಾದ ಮೇಲೆ ಬಾಲಕನನ್ನು ಪರೀಕ್ಷಿಸಿದ ಮನಶ್ಶಾಸ್ತ್ರಜ್ಞರು, ತಾಯಿಯಿಂದ ಅಗಲುವ ಭಯದಿಂದ ಅವನಲ್ಲಿ ತೀವ್ರವಾದ ಆತಂಕವು ತಲೆದೋರಿದೆಯೆಂದು ಬರೆದರು. ತಾಯಿಯು ಪುನರ್ವಿಮರ್ಶೆಯನ್ನು ಬೇಡಿದಳು. ೨೦೨೫ರ ಜುಲೈ ತಿಂಗಳಲ್ಲಿ ನ್ಯಾಯಾಲಯವು ತನ್ನ ಆಜ್ಞೆಯನ್ನೇ ಹಿಂತೆಗೆದುಕೊಂಡು, ಬಾಲಕನನ್ನು ತಾಯಿಯ ಬಳಿ ಉಳಿಸಿ, ತಂದೆಗೆ ಭೇಟಿಯ ಅವಕಾಶವನ್ನು ಕೊಟ್ಟಿತು. ದೇಶದ ಅತ್ಯುನ್ನತ ಪೀಠದ ತೀರ್ಪನ್ನು ತಿರುಗಿಸಬಲ್ಲ ವರದಿಯನ್ನು ಬರೆಯುವ ಕೈಗೆ ಎಷ್ಟು ಪಳಗಿಕೆಯಿರಬೇಕು!

ಆ ಪಳಗಿಕೆಯನ್ನು ಕೊಡುವ ಶಕ್ತಿಯು ಕರ್ಣಾಟಕದಲ್ಲಿಯೇ ಇದೆ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾಗಿ ೧೯೭೪ರಲ್ಲಿ ನಿಮ್ಹಾನ್ಸ್ ಎಂಬ ಹೆಸರನ್ನು ಪಡೆದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯಕ್ಕೆ ಪ್ರತ್ಯೇಕ ವಿಭಾಗವುಂಟು. ಅಲ್ಲಿ ೨೦೨೦ರಲ್ಲಿ ಆರಂಭವಾದ ಸಂವಾದ್ ಎಂಬ ಯೋಜನೆಯು ಸಂಕಟದಲ್ಲಿರುವ ಮಕ್ಕಳೊಡನೆ ಕೆಲಸಮಾಡುವವರಿಗೆ ಶಿಕ್ಷಣವನ್ನು ಕೊಡುವುದಕ್ಕಾಗಿಯೇ ಹುಟ್ಟಿದುದು. ಇಂತಹ ಕಡೆಗಳಲ್ಲಿ ಪಾಲನಾಪರೀಕ್ಷೆಯ ಪಾಠಕ್ರಮವನ್ನು ನಡೆಸುವುದಾದರೆ ಅಮೇರಿಕದ ನಲವತ್ತು ಗಂಟೆಗಳನ್ನು ಹಾಗೆಯೇ ಎತ್ತಿ ತಂದರೆ ಸಾಗದು. ಅಜ್ಜ ಅಜ್ಜಿ ಸೋದರಮಾವಂದಿರು ಕೂಡಿ ಸಾಕುವ ಮನೆಗಳು ಇಲ್ಲಿವೆ. ಅವರನ್ನು ಕಾಣದೆ ಬರೆದ ವರದಿಯು ಅರೆವರದಿ. ಶಾಲೆಯಲ್ಲಿ ಇಂಗ್ಲಿಷನ್ನೂ ಅವ್ವನೊಡನೆ ಕನ್ನಡವನ್ನೂ ಆಡುವ ಮಗುವನ್ನು ಯಾವ ಭಾಷೆಯಲ್ಲಿ ಮಾತನಾಡಿಸಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಭಯವನ್ನು ಹೇಳುವ ಮಾತು ಮಗುವಿಗೆ ಒಂದೇ ಭಾಷೆಯಲ್ಲಿ ಗೊತ್ತಿರಬಹುದು. ಹೊಸಬರು ಅನುಭವಿಗಳ ಬಳಿಯಲ್ಲಿ ಕುಳಿತು ಕೆಲವು ವ್ಯಾಜ್ಯಗಳನ್ನು ಆದ್ಯಂತವಾಗಿ ನೋಡಿ, ತಮ್ಮ ವರದಿಯನ್ನು ಅವರಿಂದ ತಿದ್ದಿಸಿಕೊಳ್ಳುವುದೂ ಅವಶ್ಯವು.

ಇದಕ್ಕೆ ಪಾರ್ಲಿಮೆಂಟಿನಲ್ಲಿ ಹೊಸ ಕಾಯಿದೆಯೇ ಆಗಬೇಕೆಂಬುದಿಲ್ಲ. ೧೯೮೪ರ ಅಧಿನಿಯಮದ ೨೩ನೆಯ ಕಲಮು, ೧೨ನೆಯ ಕಲಮಿನ ಮೇರೆಗೆ ಕರೆಯಲ್ಪಟ್ಟ ಪರಿಣತರಿಗೆ ಕೊಡಬೇಕಾದ ಶುಲ್ಕವನ್ನೂ ಪ್ರಯಾಣವೆಚ್ಚವನ್ನೂ ಕುರಿತು ರಾಜ್ಯ ಸರಕಾರವು ಉಚ್ಚ ನ್ಯಾಯಾಲಯದೊಡನೆ ಆಲೋಚಿಸಿ ನಿಯಮಗಳನ್ನು ಮಾಡಬಹುದೆಂದು ಹೇಳಿದೆ. ಪರಿಣತರು ಯಾವ ಶಿಕ್ಷಣವನ್ನು ಪಡೆದಿರಬೇಕೆಂಬುದನ್ನು ಹೇಳಿಲ್ಲ. ಆದರೆ ಆ ಕಲಮಿನ ಕೊನೆಯಲ್ಲಿ, ನಿಯಮಿಸಬೇಕಾದ ಇತರ ವಿಷಯಗಳನ್ನೂ ಸೇರಿಸಬಹುದೆಂಬ ಮಾತಿದೆ. ಪರೀಕ್ಷಕನ ಪ್ರಯಾಣವೆಚ್ಚವನ್ನು ನಿಗದಿಮಾಡುವ ಅದೇ ರಾಜ್ಯಪತ್ರದಲ್ಲಿ ಅವನ ಪಾಠದ ಗಂಟೆಗಳಿಗೂ ಒಂದು ಸಾಲಿನ ಸ್ಥಳವು ದೊರೆಯಬಹುದು.